ಪ್ಲಗ್, ಕಾಯಿಲ್, ಇಂಜೆಕ್ಟರ್ ಮೂರೂ ಸರಿಯಿದೆ, ಆದರೂ 3ನೇ ಸಿಲಿಂಡರ್ ಮಿಸ್ ಹೊಡೆಯುತ್ತಿದೆ: ಮೆಕ್ಯಾನಿಕಲ್ ಕಡೆ ಹೇಗೆ ಹುಡುಕುವುದು?

ಮೂರನೇ_ಸಿಲಿಂಡರ್

ಗಾಡಿ: 4 ಸಿಲಿಂಡರ್, 16 ವಾಲ್ವ್, ಪೋರ್ಟ್ ಇಂಜೆಕ್ಷನ್, ಟರ್ಬೊ ಇಲ್ಲ, 1,40,000 ಕಿ.ಮೀ. ಓಡಿದೆ. ಎಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ನಡುಗುತ್ತದೆ, ಪಿ0303 ಕೋಡ್ (3ನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ, ಅಂದರೆ ಮಿಸ್) ಬರುತ್ತದೆ. ರೇಸ್ ಮಾಡಿ 2,500 ಆರ್‌ಪಿಎಂ ದಾಟಿಸಿದರೆ ಏನೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೂ ಸರಿಯಾಗೇ ಇರುತ್ತದೆ.

3ನೇದರ ಕಾಯಿಲ್ 1ಕ್ಕೆ, ಪ್ಲಗ್ 2ಕ್ಕೆ, ಇಂಜೆಕ್ಟರ್ 4ಕ್ಕೆ ಹಾಕಿ ನೋಡಿದ್ದಾಯಿತು. ಕೋಡ್ 3 ಬಿಟ್ಟು ಕದಲುತ್ತಿಲ್ಲ. ಕಂಪ್ರೆಷನ್ (ಸೆಲ್ಫ್ ಹೊಡೆದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ) ಹೀಗಿದೆ: 168, 165, 148, 166 ಪಿಎಸ್‌ಐ. ಅತಿ ಹೆಚ್ಚಿರುವುದರ ಶೇ. 75ರಷ್ಟಾದರೂ ಅತಿ ಕಡಿಮೆಯದು ಇರಬೇಕು ಅಂತ ಮ್ಯಾನ್ಯುಯಲ್ ಹೇಳುತ್ತದೆ. ಇಲ್ಲಿ ಶೇ. 88 ಇದೆ. ಅಂದರೆ ಮೆಕ್ಯಾನಿಕಲ್ ಬಿಟ್ಟು ವೈರಿಂಗ್, ಇಸಿಎಂ (ಎಂಜಿನ್ ಕಂಪ್ಯೂಟರ್) ಕಡೆ ಹೋಗಬೇಕಾ?

ಹಳೇ_ಸ್ಪ್ಯಾನರ್

ಇಸಿಎಂ ಮುಟ್ಟಬೇಡಿ ಸರ್, ಈಗಲೇ ಬೇಡ. ಶೇ. 75 ಅನ್ನುವುದು ಎಂಜಿನ್ ಬಿಚ್ಚಬೇಕೋ ಬೇಡವೋ ಅನ್ನುವುದಕ್ಕೆ ಇಟ್ಟ ಗೆರೆ. ಉಳಿದ ಮೂರೂ 3 ಪಿಎಸ್‌ಐ ಒಳಗೆ ಒಂದಕ್ಕೊಂದು ಹೊಂದಿಕೊಂಡು ಕೂತಿವೆ. ಅದೇ ಸಾಲಿನಲ್ಲಿ ಒಂದೇ ಒಂದು 20 ಪಿಎಸ್‌ಐ ಕೆಳಗೆ ಬಿದ್ದಿದ್ದರೆ, ಅದೂ ಕೋಡ್ ಬರುತ್ತಿರುವ ಸಿಲಿಂಡರೇ ಆಗಿದ್ದರೆ, ಅದು ಕಾಕತಾಳೀಯ ಅಲ್ಲ.

ಮೊದಲು ಇಷ್ಟಕ್ಕೆ ಉತ್ತರ ಕೊಡಿ.

ಟೆಸ್ಟ್ ಮಾಡಿದಾಗ ಎಂಜಿನ್ ಬಿಸಿ ಇತ್ತೋ ತಣ್ಣಗಿತ್ತೋ? ನಾಲ್ಕೂ ಪ್ಲಗ್ ಬಿಚ್ಚಿದ್ದಿರಾ? ಥ್ರಾಟಲ್ ಪೂರ್ತಿ ತೆರೆದಿತ್ತಾ? ಪ್ರತಿ ಸಿಲಿಂಡರಿಗೂ ಸೆಲ್ಫ್ ಸಮನಾಗಿ ಹೊಡೆದಿರಾ? ಗೇಜ್ ಮುಳ್ಳು ಐದಾರು ಸಲ ಎಗರುವಷ್ಟು ಹೊಡೆಯಬೇಕು, ಒಂದಕ್ಕೆ 4, ಇನ್ನೊಂದಕ್ಕೆ 8 ಆದರೆ ಲೆಕ್ಕ ಹಾಳು. ಬ್ಯಾಟರಿ ಕೊನೆಯ ಸಿಲಿಂಡರಿಗೆ ಬರುವಷ್ಟರಲ್ಲಿ ಸೊರಗಿರಬಾರದು, ಚಾರ್ಜರ್ ಹಾಕಿಟ್ಟುಕೊಳ್ಳಿ.

ಬಹಳ ಮಂದಿ ಬರೆದುಕೊಳ್ಳದೆ ಬಿಡುವುದು ಮೊದಲ ಎಗರನ್ನು. ಮೊದಲ ಎಗರಿಗೆ 40–50ಕ್ಕೆ ನಿಂತು, ಆಮೇಲೆ ಒಂದೊಂದಾಗಿ ಏರುತ್ತಾ ಕೊನೆಗೆ ಹತ್ತಿರ ಹತ್ತಿರ ಸರಿ ಬಂದರೆ ಪಿಸ್ಟನ್ ರಿಂಗ್ ಕಡೆ ಅನುಮಾನ. ಮೊದಲೂ ಕಡಿಮೆ, ಆಮೇಲೂ ಏರದೆ ಒದ್ದಾಡಿದರೆ ವಾಲ್ವ್ ಕಡೆ.

ಇನ್ನೊಂದು, ಟೆಸ್ಟರ್ ಪೈಪಿನ ತುದಿಯಲ್ಲಿರುವ ಸಣ್ಣ ವಾಲ್ವ್ ಪಿನ್ ಹೋಗಿದೆ ಅಂತ ಟೈರಿನ ಪಿನ್ ತೆಗೆದು ಹಾಕುವವರಿದ್ದಾರೆ. ಟೆಸ್ಟರ್ ಪಿನ್ನಿನ ಸ್ಪ್ರಿಂಗ್ ತೀರಾ ಮೆದು, ಟೈರಿನದು ಬಿಗಿ. ಹಾಗೆ ಹಾಕಿದರೆ ಎಲ್ಲ ಸಿಲಿಂಡರೂ ಕಡಿಮೆ ತೋರಿಸುತ್ತದೆ.

ಫೀಲರ್_ಗೇಜ್

ಮೇಲಿನ ಪಟ್ಟಿಗೆ ಎರಡು ಸೇರಿಸುತ್ತೇನೆ. ಗಾಡಿಗೆ ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇದೆಯಾ? ಟ್ಯಾಪೆಟ್ (ಕ್ಯಾಮಿಗೂ ವಾಲ್ವಿಗೂ ನಡುವಿನ ತುಂಡು) ಸಂದು ತಾನೇ ಹೊಂದಿಸಿಕೊಳ್ಳುವ ಹೈಡ್ರಾಲಿಕ್ಕಾ, ದಪ್ಪ ನೋಡಿ ಬದಲಿಸುವ ಬಕೆಟ್ಟಾ? ತಣ್ಣಗಿರುವಾಗ ಸರಿ, ಬಿಸಿಯಾದರೆ ಐಡಲ್‌ನಲ್ಲಿ ಮಿಸ್ಸಿಂಗ್, ರೇಸಿಗೆ ಮಾಯ ಅನ್ನುವ ವರ್ಣನೆ ಓದಿದಾಗಲೇ ಅರ್ಧ ಗೊತ್ತಾಯಿತು.

ವ್ಯಾಕ್ಯೂಮ್_ಮೀಟರ್

ತಡೀರಿ, ಐಡಲ್‌ನಲ್ಲಿ ಮಾತ್ರ ಅಂದರೆ ಗಾಳಿ ಲೀಕ್ ಕೂಡ ಆಗಬಹುದಲ್ಲ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ 3ನೇ ಪೋರ್ಟಿನ ಹತ್ತಿರ ಬಿಟ್ಟಿದ್ದರೆ ಆ ಒಂದಕ್ಕೇ ಮಿಶ್ರಣ ತೆಳುವಾಗುತ್ತದೆ. ಹೆಡ್ ಕವರ್ ಬಿಚ್ಚುವ ಮೊದಲು ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಇಸಿಎಂ ಇಂಧನವನ್ನು ಶೇಕಡಾ ಎಷ್ಟು ಹೆಚ್ಚು ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ನೋಡಿ, ಐದು ನಿಮಿಷದ ಕೆಲಸ. ಐಡಲ್‌ನಲ್ಲಿ ಶಾರ್ಟ್ ಮತ್ತು ಲಾಂಗ್ ಎರಡೂ ಸೇರಿ ಪ್ಲಸ್ 15–20 ಇದ್ದು, 2,500ಕ್ಕೆ ಹಿಡಿದಾಗ ಸೊನ್ನೆಯ ಹತ್ತಿರ ಇಳಿದರೆ ಗಾಳಿ ಲೀಕ್. ಐಡಲ್‌ನಲ್ಲೂ ರೇಸಿನಲ್ಲೂ ಪ್ಲಸ್ಸೇ ಇದ್ದರೆ ಪೆಟ್ರೋಲ್ ಸಾಲುತ್ತಿಲ್ಲ ಅಂತ. ಇಜಿಆರ್ ವಾಲ್ವ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ ಒಳಗೆ ಬಿಡುವುದು) ಮಸಿ ಕಟ್ಟಿ ತೆರೆದೇ ನಿಂತರೂ ಲಕ್ಷಣ ಹೀಗೇ ಇರುತ್ತದೆ, ಆದರೆ ಆಗ ಸಾಮಾನ್ಯವಾಗಿ ಒಂದೇ ಸಿಲಿಂಡರ್ ಹಿಡಿಯುವುದಿಲ್ಲ, ಪಿ0300 (ಹಲವು ಸಿಲಿಂಡರ್ ಮಿಸ್) ಕೂಡ ಬರುತ್ತದೆ.

ವ್ಯಾಕ್ಯೂಮ್ ಗೇಜ್ ಇದ್ದರೆ ಥ್ರಾಟಲಿನ ಆಚೆ, ಮ್ಯಾನಿಫೋಲ್ಡಿಗೆ ನೇರ ಹೋಗುವ ಪೈಪಿಗೆ ಹಾಕಿ. ಒಳ್ಳೆಯ ಎಂಜಿನ್‌ಗೆ ಐಡಲ್‌ನಲ್ಲಿ 17–22 ಇಂಚು ಪಾದರಸ, ಮುಳ್ಳು ಅಲುಗಬಾರದು (ಸಮುದ್ರ ಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ಸುಮಾರು 1 ಇಂಚು ಕಳೆಯಿರಿ). ತಾಳ ಹಾಕಿದ ಹಾಗೆ ಒಂದೇ ಸಮನೆ ಸರಿಯಾದ ಅಂತರದಲ್ಲಿ ಮುಳ್ಳು ಕುಸಿದು ಮೇಲೇಳುತ್ತಿದ್ದರೆ ಒಂದು ವಾಲ್ವ್ ಕೂರುತ್ತಿಲ್ಲ. ಐಡಲ್‌ನಲ್ಲಿ ಸರಿಯಿದ್ದು, ರೇಸ್ ಏರಿದಂತೆ ಮುಳ್ಳು ಜೋರಾಗಿ ನಡುಗಿದರೆ ವಾಲ್ವ್ ಸ್ಪ್ರಿಂಗ್ ಸೋತಿದೆ. ಅಲುಗದೆ 14–15ಕ್ಕೇ ನಿಂತರೆ ವಾಲ್ವ್ ಟೈಮಿಂಗ್ ಹಿಂದೆ ಬಿದ್ದಿರಬಹುದು. 2,500ಕ್ಕೆ ಹಿಡಿದುಕೊಂಡಿದ್ದಾಗ ಮುಳ್ಳು ನಿಧಾನಕ್ಕೆ ಇಳಿಯುತ್ತಾ ಹೋದರೆ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದೆ.

ಮೂರನೇ_ಸಿಲಿಂಡರ್

ಟೆಸ್ಟ್ ಮಾಡಿದಾಗ ತಣ್ಣಗಿತ್ತು. ಪ್ಲಗ್ ನಾಲ್ಕೂ ಹೊರಗೆ, ಥ್ರಾಟಲ್ ತೆರೆದಿತ್ತು, ಎಗರು ಸಮ. ಹೌದು, ಸಿಎನ್‌ಜಿ ಕಿಟ್ ಇದೆ, ಟ್ಯಾಪೆಟ್ ಬಕೆಟ್. ಮಿಸ್ಸಿಂಗ್ ಪೆಟ್ರೋಲಿನಲ್ಲೂ ಗ್ಯಾಸಿನಲ್ಲೂ ಇದೆ. ಟ್ರಿಮ್ ಐಡಲ್‌ನಲ್ಲಿ ಪ್ಲಸ್ 6, 2,500ಕ್ಕೆ ಪ್ಲಸ್ 2. ವ್ಯಾಕ್ಯೂಮ್ ಮುಳ್ಳು ಬಿಸಿಯಲ್ಲಿ 18ರಿಂದ 15ಕ್ಕೆ ಬೀಳುತ್ತಾ ಏಳುತ್ತಾ ಇದೆ, ಒಂದೇ ಲಯದಲ್ಲಿ.

ವ್ಯಾಕ್ಯೂಮ್_ಮೀಟರ್

ಹಾಗಾದರೆ ಗಾಳಿ ಲೀಕ್ ಮಾತು ವಾಪಸ್. ಪ್ಲಸ್ 6 ಅಷ್ಟೇನಲ್ಲ. ಅದೂ ಮಿಸ್ಸಿಂಗ್‌ನಿಂದಲೇ ಬಂದಿರಬಹುದು: ಉರಿಯದೆ ಹೊರಬಿದ್ದ ಆಮ್ಲಜನಕವನ್ನು ನೋಡಿ ಸೆನ್ಸರ್ ಮಿಶ್ರಣ ತೆಳು ಅಂತ ಓದುತ್ತದೆ.

ಫೀಲರ್_ಗೇಜ್

ಗ್ಯಾಸ್ ಗಾಡಿ, ಬಕೆಟ್ ಟ್ಯಾಪೆಟ್. ಎಕ್ಸಾಸ್ಟ್ ವಾಲ್ವ್ ಕ್ಲಿಯರೆನ್ಸ್ (ಕ್ಯಾಮಿಗೂ ಬಕೆಟ್ಟಿಗೂ ನಡುವಿನ ಸಂದು) ಮುಗಿದಿದೆ ಅನ್ನುವುದೇ ನನ್ನ ಮೊದಲ ಅನುಮಾನ.

ಪೆಟ್ರೋಲ್ ಉರಿದಾಗ ವಾಲ್ವಿಗೂ ಸೀಟಿಗೂ (ವಾಲ್ವ್ ಮುಚ್ಚಿದಾಗ ಕೂರುವ ಉಂಗುರ) ಮಧ್ಯೆ ತೆಳುವಾದ ಪದರ ಕೂರುತ್ತಿರುತ್ತದೆ, ಲೋಹಕ್ಕೆ ಲೋಹ ನೇರ ಬಡಿಯುವುದಿಲ್ಲ. ಗ್ಯಾಸ್ ಒಣ ಇಂಧನ, ಆ ಪದರ ಕಟ್ಟುವುದಿಲ್ಲ. ವಾಲ್ವ್ ಸೀಟನ್ನು ತಿನ್ನುತ್ತಾ ಹೆಡ್ಡಿನ ಒಳಗೆ ಸರಿಯುತ್ತದೆ. ಒಳಗೆ ಸರಿದಷ್ಟೂ ಕಡ್ಡಿಯ ಮೇಲ್ತುದಿ ಕ್ಯಾಮಿನ ಕಡೆ ಏರುತ್ತದೆ, ಅಲ್ಲಿನ ಸಂದು ಕಿರಿದಾಗುತ್ತದೆ. ಸವೆದರೆ ಸಂದು ದೊಡ್ಡದಾಗಿ ಟಕಟಕ ಸದ್ದು ಬರಬೇಕು ಅಂತ ಎಲ್ಲರೂ ಕಾಯುತ್ತಾರೆ. ಇಲ್ಲಿ ಉಲ್ಟಾ, ಎಂಜಿನ್ ಇನ್ನೂ ನಿಶ್ಶಬ್ದವಾಗುತ್ತದೆ.

ಎಂಜಿನ್ ಓಡುವಾಗ ಎಕ್ಸಾಸ್ಟ್ ವಾಲ್ವ್ ಕಡ್ಡಿ ಕಾದು ಉದ್ದವಾಗುತ್ತದೆ. ಸಂದು ಇಲ್ಲದಿದ್ದರೆ ವಾಲ್ವ್ ಪೂರ್ತಿ ಕೂರುವುದಿಲ್ಲ. ಐಡಲ್‌ನಲ್ಲಿ ಒಂದೊಂದು ಸ್ಟ್ರೋಕಿಗೂ ಸಮಯ ಜಾಸ್ತಿ, ಒತ್ತಡ ಸೋರಿಹೋಗುವಷ್ಟು ಬಿಡುವು ಸಿಗುತ್ತದೆ. 2,500ಕ್ಕೆ ಏರಿಸಿದರೆ ಸೋರುವಷ್ಟರಲ್ಲಿ ಕಿಡಿ ಹೊತ್ತಿರುತ್ತದೆ, ಅದಕ್ಕೇ ಮಿಸ್ಸಿಂಗ್ ಮಾಯ.

ಕಂಪ್ರೆಷನ್ ಬಿಸಿಯಲ್ಲಿ ಮತ್ತೆ ತೆಗೆಯಿರಿ. ಫ್ಯಾನ್ ತಿರುಗುವವರೆಗೆ ಓಡಿಸಿ, ಆರಿಸಿದ ಕೂಡಲೇ 3ನೇದನ್ನೇ ಮೊದಲು ಅಳೆಯಿರಿ. ಕಡ್ಡಿ ಬೇಗ ತಣಿಯುತ್ತದೆ, 4ನೇದರಿಂದ ಶುರುಮಾಡಿ ಚಹಾ ಕುಡಿದು ಬಂದರೆ ಪ್ರಯೋಜನವಿಲ್ಲ. ಅಲ್ಯೂಮಿನಿಯಂ ಹೆಡ್ ಬಿಸಿಯಿರುವಾಗ ಪ್ಲಗ್ ಬಿಗಿ ಅನ್ನಿಸಿದರೆ ಬಲ ಹಾಕಬೇಡಿ, ಥ್ರೆಡ್ ಕಿತ್ತು ಬರುತ್ತದೆ. ಹಾಗಾಗಿ ತಣ್ಣಗಿರುವಾಗಲೇ ಪ್ಲಗ್‌ಗಳನ್ನು ಒಮ್ಮೆ ಸಡಿಲಿಸಿ, ಮತ್ತೆ ಹದವಾಗಿ ಬಿಗಿ ಮಾಡಿ, ಆಮೇಲೆ ಬಿಸಿ ಮಾಡಿ.

ಕೂಲಂಟ್_ಕಳ್ಳ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ಇದರ ಉಲ್ಟಾ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಮೊದಲ ಒಂದು ನಿಮಿಷ 2ನೇದು ಮಿಸ್, ಆಮೇಲೆ ಸರಿ. ಕೂಲಂಟ್ ಸ್ವಲ್ಪ ಸ್ವಲ್ಪ ಕಮ್ಮಿಯಾಗುತ್ತದೆ, ನೆಲದ ಮೇಲೆ ಹನಿ ಇಲ್ಲ. ಕಂಪ್ರೆಷನ್ ನಾಲ್ಕೂ ಸಮ.

ಹಳೇ_ಸ್ಪ್ಯಾನರ್

ಹೆಡ್ ಗ್ಯಾಸ್ಕೆಟ್ ನೋಡಿ. ಅಥವಾ ಹೆಡ್ಡಿನಲ್ಲೇ ಕೂದಲೆಳೆಯ ಬಿರುಕು. ಎಂಜಿನ್ ಆರಿಸಿದ ಮೇಲೂ ಕೂಲಂಟಿನಲ್ಲಿ ಒತ್ತಡ ಉಳಿದಿರುತ್ತದೆ, ರಾತ್ರಿಯಿಡೀ ಹನಿಹನಿಯಾಗಿ ಸಿಲಿಂಡರಿಗೆ ಇಳಿದು ಪ್ಲಗ್ ಒದ್ದೆ ಮಾಡುತ್ತದೆ. ಸೋರುವ ದಾರಿ ಅಷ್ಟು ಸಣ್ಣದಾದರೆ ಕಂಪ್ರೆಷನ್ ಟೆಸ್ಟಿನಲ್ಲಿ ಕಾಣುವುದಿಲ್ಲ.

ಸಂಜೆ ಎಂಜಿನ್ ತಣ್ಣಗಾದ ಮೇಲೆ ರೇಡಿಯೇಟರಿಗೆ ಪ್ರೆಷರ್ ಪಂಪ್ ಹಾಕಿ, ಮುಚ್ಚಳದ ಮೇಲೆ ಬರೆದಿರುವಷ್ಟೇ ಒತ್ತಡ ಕೊಟ್ಟು (ಹೆಚ್ಚಿನವಕ್ಕೆ 13–16 ಪಿಎಸ್‌ಐ) ಹಾಗೇ ಬಿಡಿ. ಬೆಳಿಗ್ಗೆ ಪ್ಲಗ್ ಬಿಚ್ಚಿ ಬೋರ್‌ಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿ. ಪಿಸ್ಟನ್ ಮೇಲೆ ಹನಿ ಕಂಡರೆ ಮಾತು ಮುಗಿಯಿತು. ಹನಿ ಇಲ್ಲದಿದ್ದರೂ, ಉಳಿದ ಮೂರು ಪಿಸ್ಟನ್ ಕಪ್ಪಗಿದ್ದು ಇದೊಂದು ಮಾತ್ರ ತೊಳೆದಿಟ್ಟಂತೆ ಲೋಹ ಹೊಳೆಯುತ್ತಿದ್ದರೆ ಅದೂ ಸಾಕ್ಷಿಯೇ, ಆವಿ ತೊಳೆದಿರುತ್ತದೆ. ನೀಲಿ ದ್ರವದ ಬ್ಲಾಕ್ ಟೆಸ್ಟರ್ ಕೂಡ ಇದೆ: ರೇಡಿಯೇಟರ್ ಬಾಯಿಯ ಗಾಳಿ ಎಳೆದಾಗ ಪೆಟ್ರೋಲ್ ಎಂಜಿನ್ನಿನಲ್ಲಿ ಹಳದಿಗೆ ತಿರುಗಿದರೆ ಉರಿದ ಗ್ಯಾಸ್ ಒಳಗೆ ಬರುತ್ತಿದೆ. ಆದರೆ ಸಣ್ಣ ಸೋರಿಕೆಗೆ ಅದು ಬಣ್ಣ ಬದಲಿಸದೆ ಇರಬಹುದು, ಬದಲಾಗಲಿಲ್ಲ ಅಂತ ಗ್ಯಾಸ್ಕೆಟ್ ಸರಿಯಿದೆ ಅಂದುಕೊಳ್ಳಬೇಡಿ. ಮುಂದಿನ ಮಾತಿಗೆ ಬೇರೆ ಥ್ರೆಡ್ ತೆರೆಯಿರಿ, ಇಲ್ಲಿ ಎರಡು ಗಾಡಿ ಬೆರೆತುಹೋಗುತ್ತವೆ.

ಮೂರನೇ_ಸಿಲಿಂಡರ್

ಬಿಸಿಯಲ್ಲಿ, 3ನೇದು ಮೊದಲು: 122. ಆಮೇಲೆ 1, 2, 4: 171, 170, 169. 3ಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ತೆಗೆದರೆ 126.

ಹಳೇ_ಸ್ಪ್ಯಾನರ್

ಆಯಿಲ್ ಬಿಟ್ಟರೂ 4 ಅಷ್ಟೇ ಏರಿದೆ. ರಿಂಗ್ ಅಲ್ಲ. ರಿಂಗ್ ಆಗಿದ್ದರೆ ಆಯಿಲ್ ಆ ಸಂದು ಮುಚ್ಚಿ 30–40 ಜಿಗಿಯಬೇಕಿತ್ತು. (ಓದುವವರಿಗೆ: 5 ಮಿ.ಲೀ. ಸಾಕು. ಜಾಸ್ತಿ ಸುರಿದರೆ ಆಯಿಲ್ಲೇ ಜಾಗ ತುಂಬಿ ಒತ್ತಡ ಏರಿಸುತ್ತದೆ, ರಿಂಗ್ ಹೋಗಿದೆ ಅಂತ ಮೋಸ ಹೋಗುತ್ತೀರಿ.)

ಈಗ ಲೀಕ್‌ಡೌನ್, ಅಂದರೆ ಸಿಲಿಂಡರಿಗೆ ಗಾಳಿ ಒತ್ತಿ ಎಷ್ಟು, ಎಲ್ಲಿಂದ ಸೋರುತ್ತದೆ ಅಂತ ನೋಡುವುದು. 3ನೇ ಪಿಸ್ಟನ್ ಕಂಪ್ರೆಷನ್ ಸ್ಟ್ರೋಕಿನ ತುತ್ತತುದಿಗೆ ಬರಬೇಕು. ಫೈರಿಂಗ್ ಆರ್ಡರ್ 1-3-4-2 ಆಗಿದ್ದರೆ, 1ನೇದನ್ನು ಕಂಪ್ರೆಷನ್ ತುದಿಗೆ ತಂದು ಅಲ್ಲಿಂದ ಕ್ರ್ಯಾಂಕನ್ನು ತಿರುಗುವ ದಿಕ್ಕಿಗೇ ಅರ್ಧ ಸುತ್ತು ತಿರುಗಿಸಿ. ಪ್ಲಗ್ ತೂತಿಗೆ ಮರದ ಕಡ್ಡಿ ಇಳಿಸಿ ನೋಡಿಕೊಳ್ಳಿ, ಸ್ಕ್ರೂಡ್ರೈವರ್ ಬೇಡ. ಗೇರ್ ಟಾಪಿಗೆ ಹಾಕಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಗಾಳಿ ಬಿಡುವ ಮೊದಲು ಕ್ರ್ಯಾಂಕ್ ಬೋಲ್ಟಿನಿಂದ ಸ್ಪ್ಯಾನರ್ ತೆಗೆಯಿರಿ. ಪಿಸ್ಟನ್ ತುದಿಯಿಂದ ಕೂದಲಷ್ಟು ಸರಿದಿದ್ದರೂ 100 ಪಿಎಸ್‌ಐ ಕ್ರ್ಯಾಂಕನ್ನು ಸರಕ್ಕನೆ ತಿರುಗಿಸುತ್ತದೆ, ಸ್ಪ್ಯಾನರ್ ಅಲ್ಲೇ ಇದ್ದರೆ ಕೈ ಮುರಿಯುತ್ತದೆ. ಮೊದಲು 20–30 ಕೊಟ್ಟು ನೋಡಿ, ಆಮೇಲೆ ಏರಿಸಿ.

ಶೇ. 10 ಒಳಗೆ ಸೋರಿದರೆ ಒಳ್ಳೆಯದು, 20ರವರೆಗೆ ನಡೆಯುತ್ತದೆ, 30 ದಾಟಿದರೆ ರೋಗ ಇದೆ. ಅಂಕಿಗಿಂತ ಕಿವಿ ಮುಖ್ಯ. ಥ್ರಾಟಲ್ ಬಾಯಲ್ಲಿ ಸುಯ್ ಅಂದರೆ ಇನ್‌ಟೇಕ್ ವಾಲ್ವ್, ಸೈಲೆನ್ಸರ್ ತುದಿಯಲ್ಲಿ ಬಂದರೆ ಎಕ್ಸಾಸ್ಟ್, ಆಯಿಲ್ ಹಾಕುವ ಬಾಯಲ್ಲಿ ಬಂದರೆ ರಿಂಗ್ (ಅಲ್ಲಿ ಸ್ವಲ್ಪ ಯಾವಾಗಲೂ ಇರುತ್ತದೆ), ರೇಡಿಯೇಟರಿನಲ್ಲಿ ಗುಳ್ಳೆ ಬಂದರೆ ಹೆಡ್ ಗ್ಯಾಸ್ಕೆಟ್, ಪಕ್ಕದ ಪ್ಲಗ್ ತೂತಿನಲ್ಲಿ ಬಂದರೆ ಎರಡು ಸಿಲಿಂಡರಿನ ನಡುವೆ ಗ್ಯಾಸ್ಕೆಟ್ ಬಿಟ್ಟಿದೆ.

ಟಾರ್ಕ್_ರೆಂಚ್

ಇದು ವಾಲ್ವೇ ಇರಬಹುದು. ಆದರೂ ಲೀಕ್‌ಡೌನಿನಲ್ಲಿ ಸೋರಿಕೆ ಕಾಣದೇ ಹೋದರೆ ಕೈಬಿಡಬೇಡಿ. ಕಂಪ್ರೆಷನ್ ಕಡಿಮೆ, ಆದರೆ ಲೀಕ್‌ಡೌನ್ ಒಳ್ಳೆಯದು ಅಂದರೆ ಎರಡರಲ್ಲಿ ಒಂದು ಟೆಸ್ಟ್ ತಪ್ಪಾಗಿದೆ ಅಂತ ಬಹಳ ಜನ ಮತ್ತೆ ಮತ್ತೆ ಅಳೆಯುತ್ತಾ ಕೂರುತ್ತಾರೆ. ಎರಡೂ ಸರಿಯೇ. ಲೀಕ್‌ಡೌನ್ ನಿಂತ ಎಂಜಿನ್ನಿನಲ್ಲಿ, ಮುಚ್ಚಿದ ವಾಲ್ವ್‌ಗಳ ಮೇಲೆ ಮಾಡುವ ಟೆಸ್ಟ್. ಒಳಗೆ ಬಂದ ಗಾಳಿ ಉಳಿಯುತ್ತದೆಯೇ ಅಂತ ಹೇಳುತ್ತದೆ, ಗಾಳಿ ಒಳಗೆ ಬಂತೇ ಅಂತ ಹೇಳುವುದಿಲ್ಲ.

ಹಾಗೆ ಬಂದಾಗ ಹುಡುಕಬೇಕಾದವು: ಇನ್‌ಟೇಕ್ ಕ್ಯಾಮ್ ಲೋಬ್ (ವಾಲ್ವ್ ಒತ್ತುವ ಉಬ್ಬು) ಸವೆದಿರುವುದು, ರಾಕರ್ ಅಥವಾ ಫಾಲೋವರ್ ಜಾಗ ಬಿಟ್ಟು ಜಾರಿರುವುದು, ಹೈಡ್ರಾಲಿಕ್ ಟ್ಯಾಪೆಟ್ ಕುಸಿದಿರುವುದು. ನಾಲ್ಕೂ ಸಿಲಿಂಡರ್ ಸಮನಾಗಿ 110–120ಕ್ಕೆ ಇಳಿದಿದ್ದರೆ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಹಲ್ಲು ಹಾರಿದೆ, ಪಿ0016 (ಕ್ರ್ಯಾಂಕ್, ಕ್ಯಾಮ್ ಹೊಂದಾಣಿಕೆ ತಪ್ಪಿದ ಕೋಡ್) ಕೂಡ ಜೊತೆಗೆ ಬರಬಹುದು. ಗಾಡಿ ನೀರಿಗೆ ಇಳಿದು ಎಂಜಿನ್ ನೀರು ಕುಡಿದಿದ್ದರೆ ಕನೆಕ್ಟಿಂಗ್ ರಾಡ್ ಬಾಗಿರುತ್ತದೆ. ಪಿಸ್ಟನ್ ಮೇಲೆ ಪೂರ್ತಿ ಬರುವುದಿಲ್ಲ, ಕಂಪ್ರೆಷನ್ ಇಳಿಯುತ್ತದೆ, ಸೋರಿಕೆ ಮಾತ್ರ ಇಲ್ಲ. ಇದಕ್ಕೆ ಒಂದೇ ಮರದ ಕಡ್ಡಿಯನ್ನು ನಾಲ್ಕೂ ಪ್ಲಗ್ ತೂತಿಗೆ ಇಳಿಸಿ, ಆಯಾ ಪಿಸ್ಟನ್ ತುದಿಯಲ್ಲಿರುವಾಗ ಗುರುತು ಹಾಕಿ. ಒಂದು ಗುರುತು 1 ಮಿ.ಮೀ. ಆಚೀಚೆ ಬಂದರೂ ರಾಡ್ ಅನುಮಾನ.

ಎಕ್ಸಾಸ್ಟ್ ಲೋಬ್ ಸವೆದಿದ್ದರೆ ಇವೆರಡೂ ಟೆಸ್ಟ್ ಒಳ್ಳೆಯದೇ ತೋರಿಸಬಹುದು. ಆಗ ಓಡುವ ಎಂಜಿನ್ನಿನ ಕಂಪ್ರೆಷನ್ ತೆಗೆಯಬೇಕು. ಆ ಒಂದು ಸಿಲಿಂಡರಿನ ಇಂಜೆಕ್ಟರ್ ಕನೆಕ್ಟರ್ ಕಿತ್ತು, ಕಾಯಿಲನ್ನೂ ಕಳಚಿ, ಗೇಜ್ ಹಾಕಿ ಸ್ಟಾರ್ಟ್ ಮಾಡಿ. ಗೇಜಿನ ಗುಂಡಿ ಒತ್ತಿ ಬಿಟ್ಟು ಐಡಲ್ ಓದಿ, ಆಮೇಲೆ ಆಕ್ಸಿಲರೇಟರನ್ನು ಒಂದು ಸಲ ಜೋರಾಗಿ ಒತ್ತಿ ಬಿಡಿ. ಐಡಲ್‌ನಲ್ಲಿ ಸುಮಾರು 50–75, ಜೋರಾಗಿ ಒತ್ತಿದಾಗ ಸೆಲ್ಫ್ ಓದಿನ ಶೇ. 80ರ ಆಸುಪಾಸು ಬರಬೇಕು. ಒತ್ತಿದಾಗ ಏರದಿದ್ದರೆ ಗಾಳಿ ಒಳಗೆ ಹೋಗುತ್ತಿಲ್ಲ. ತೀರಾ ಏರಿದರೆ ಹೊಗೆ ಹೊರಗೆ ಹೋಗುತ್ತಿಲ್ಲ. ಪಕ್ಕದ ಸಿಲಿಂಡರಿನದನ್ನೂ ಅಳೆದು ಹೋಲಿಸಿದರಷ್ಟೇ ಇದಕ್ಕೆ ಅರ್ಥ.

ಮೂರನೇ_ಸಿಲಿಂಡರ್

ಲೀಕ್‌ಡೌನ್: 1ಕ್ಕೆ ಶೇ. 9, 3ಕ್ಕೆ ತಣ್ಣಗೆ 22, ಬಿಸಿಯಲ್ಲಿ 41. ಸೈಲೆನ್ಸರಿನಲ್ಲಿ ಸ್ಪಷ್ಟವಾಗಿ ಸುಯ್ ಕೇಳುತ್ತದೆ. ಥ್ರಾಟಲಿನಲ್ಲಿ ಇಲ್ಲ, ರೇಡಿಯೇಟರ್ ಶಾಂತ. ಬೋರ್‌ಸ್ಕೋಪಿನಲ್ಲಿ ಎಕ್ಸಾಸ್ಟ್ ವಾಲ್ವ್ ಎರಡರ ಅಂಚೂ ಸುತ್ತ ಒಂದೇ ಬೂದು ಬಣ್ಣ, ಕಚ್ಚಿದ ಗುರುತು ಕಾಣುತ್ತಿಲ್ಲ.

ಫೀಲರ್_ಗೇಜ್

ಅಂಚು ಸುಟ್ಟಿಲ್ಲ, ಅದೃಷ್ಟ. ಸುಟ್ಟಿದ್ದರೆ ಅಂಚಿನ ಒಂದು ಕಡೆ ಮಾತ್ರ ಬಿಳಿಚಿಕೊಂಡು ಪಿಜ್ಜಾ ತುಂಡಿನ ಹಾಗೆ ಕತ್ತರಿಸಿರುತ್ತದೆ, ಆಗ ಹೆಡ್ ಇಳಿಸದೆ ದಾರಿಯಿಲ್ಲ.

ಹೆಡ್ ಕವರ್ ಬಿಚ್ಚಿ, ಎಂಜಿನ್ ಪೂರ್ತಿ ತಣ್ಣಗಿರುವಾಗ ಅಳೆಯಿರಿ. ಲೋಬಿನ ಮೂಗು ಬಕೆಟ್ಟಿಗೆ ಬೆನ್ನು ಹಾಕಿ ನಿಲ್ಲಬೇಕು. ಬ್ಲೇಡ್ ಹೋದರೆ ಸಾಲದು, ಬೆಣ್ಣೆಯಲ್ಲಿ ಎಳೆದ ಹಾಗೆ ಸಣ್ಣ ಹಿಡಿತ ಇರಬೇಕು. 16 ವಾಲ್ವನ್ನೂ ಬರೆದುಕೊಳ್ಳಿ, 3ನೇದು ಮಾತ್ರ ಅಳೆದು ಮುಚ್ಚಬೇಡಿ.

ಮೂರನೇ_ಸಿಲಿಂಡರ್

ಮ್ಯಾನ್ಯುಯಲ್: ಇನ್‌ಟೇಕ್ 0.15–0.25, ಎಕ್ಸಾಸ್ಟ್ 0.25–0.35 ಮಿ.ಮೀ. ಇನ್‌ಟೇಕ್ ಎಲ್ಲ 0.16ರಿಂದ 0.20. ಎಕ್ಸಾಸ್ಟ್ 1, 2, 4ರಲ್ಲಿ 0.17ರಿಂದ 0.23. 3ರಲ್ಲಿ ಒಂದು 0.11, ಇನ್ನೊಂದಕ್ಕೆ 0.04 ಬ್ಲೇಡ್ ಕೂಡ ಹೋಗುತ್ತಿಲ್ಲ. ಬಕೆಟ್ ಒಳಗೆ 3.08 ಮತ್ತು 3.16 ಅಂತ ಇದೆ. ಎರಡನೆಯದನ್ನು ಲೆಕ್ಕ ಹಾಕುವುದು ಹೇಗೆ?

ಫೀಲರ್_ಗೇಜ್

ಸೂತ್ರ ಇಷ್ಟೇ: ಹಳೆ ಬಕೆಟ್ ದಪ್ಪ + ಅಳೆದ ಸಂದು − ಬೇಕಾದ ಸಂದು. ಗ್ಯಾಸ್ ಗಾಡಿಗೆ ಮಿತಿಯ ಸಡಿಲ ತುದಿಯ ಹತ್ತಿರ ಇಡಿ, 0.33 ಅಂದುಕೊಳ್ಳೋಣ. ಮೊದಲನೆಯದು: 3.08 + 0.11 − 0.33 = 2.86.

ಎರಡನೆಯದಕ್ಕೆ ಸಂದೇ ಇಲ್ಲ, ಎಷ್ಟು ಇಲ್ಲ ಅನ್ನುವುದೂ ಗೊತ್ತಿಲ್ಲ. ಸೊನ್ನೆ ಅಂತ ಹಿಡಿದು 2.83 ತರಿಸಬೇಡಿ. ಮೊದಲು ತೆಳುವಾದ ಯಾವುದಾದರೂ ಬಕೆಟ್, ಉದಾಹರಣೆಗೆ 2.90, ತಾತ್ಕಾಲಿಕವಾಗಿ ಹಾಕಿ ಕ್ಯಾಮ್ ಬಿಗಿದು ಅಳೆಯಿರಿ. ಅದರಿಂದ ಲೆಕ್ಕ ಹಾಕಿ. ಗುರುತಿನ ಅಂಕಿಯನ್ನೂ ಪೂರ್ತಿ ನಂಬದೆ ಮೈಕ್ರೋಮೀಟರ್ ಹಿಡಿಯಿರಿ, ಓಡಿದ ಬಕೆಟ್ ಸವೆದಿರುತ್ತದೆ.

ಮೂರನೇ_ಸಿಲಿಂಡರ್

2.90 ಹಾಕಿದಾಗ 0.24 ಬಂತು.

ಫೀಲರ್_ಗೇಜ್

2.90 + 0.24 − 0.33 = 2.81 ಬೇಕು. ಹಿಂದಕ್ಕೆ ಲೆಕ್ಕ ಹಾಕಿ ನೋಡಿ: 3.16 ಇದ್ದಾಗ ಸಂದು 0.24 − 0.26, ಅಂದರೆ ಮೈನಸ್ 0.02. ತಣ್ಣಗಿರುವಾಗಲೇ ವಾಲ್ವ್ ಸೀಟಿನಿಂದ ಆ ಎಳೆಯಷ್ಟು ಎದ್ದು ನಿಂತಿತ್ತು. 148 ಬಂದಿದ್ದು ಅದಕ್ಕೇ. ಉಳಿದ ಎಕ್ಸಾಸ್ಟ್‌ಗಳೂ ಮಿತಿಗಿಂತ ಕೆಳಗಿವೆ, ಎಂಟನ್ನೂ ಈಗಲೇ ಬದಲಿಸಿ.

ಟಾರ್ಕ್_ರೆಂಚ್

ಕ್ಯಾಮ್ ತೆಗೆಯುವಾಗ ಮರೆಯಬೇಡಿ: ಚೈನಿಗೂ ಸ್ಪ್ರಾಕೆಟ್ಟಿಗೂ ಬಣ್ಣದ ಗುರುತು ಹಾಕಿ, ಟೆನ್ಷನರ್ ಲಾಕ್ ಮಾಡಿ. ಕ್ಯಾಪ್‌ಗಳು ತಮ್ಮ ತಮ್ಮ ಜಾಗಕ್ಕೇ, ಬಾಣದ ಗುರುತು ನೋಡಿ ಹೋಗಬೇಕು. ಬೋಲ್ಟ್ ಒಂದೇ ಸಲ ಬಿಗಿದರೆ ಕ್ಯಾಮ್ ಸ್ಪ್ರಿಂಗಿನ ಮೇಲೆ ಓರೆಯಾಗಿ ಕೂತು ಮುರಿಯುತ್ತದೆ. ಮ್ಯಾನ್ಯುಯಲ್ ಹೇಳಿದ ಕ್ರಮದಲ್ಲಿ ಅರ್ಧರ್ಧ ಸುತ್ತಾಗಿ ಇಳಿಸಿ, ಕೊನೆಗೆ ಟಾರ್ಕ್. ಆಮೇಲೆ ಕ್ರ್ಯಾಂಕನ್ನು ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಿ, ಎಲ್ಲೂ ತಡೆಯದಿದ್ದರೆ ಮಾತ್ರ ಸೆಲ್ಫ್. ತಡೆದರೆ ಅಲ್ಲೇ ನಿಲ್ಲಿಸಿ.

ಮೂರನೇ_ಸಿಲಿಂಡರ್

ಎಂಟೂ ಬದಲಾಯಿತು. ಬಿಸಿ ಕಂಪ್ರೆಷನ್ 170, 170, 163, 169. 3ರ ಲೀಕ್‌ಡೌನ್ ಬಿಸಿಯಲ್ಲಿ ಶೇ. 14. ಸ್ಕ್ಯಾನರಿನ ಮಿಸ್‌ಫೈರ್ ಲೆಕ್ಕ ಐಡಲ್‌ನಲ್ಲಿ ನಾಲ್ಕಕ್ಕೂ ಸೊನ್ನೆ. ವ್ಯಾಕ್ಯೂಮ್ ಮುಳ್ಳು 19ಕ್ಕೆ ನಿಂತಿದೆ. ಸೀಟ್ ಕಟಿಂಗ್ ಈಗಲೇ ಬೇಕಾ? ಗ್ಯಾಸ್ ಲೈನಿಗೆ ವಾಲ್ವ್ ಲೂಬ್ರಿಕೇಟರ್ ಹಾಕಿಸಿ ಅನ್ನುತ್ತಿದ್ದಾರೆ.

ಹಳೇ_ಸ್ಪ್ಯಾನರ್

ಶೇ. 14ಕ್ಕೆ ಹೆಡ್ ಇಳಿಸುವುದು ಅನಗತ್ಯ. ಸೀಟಿನ ಮೇಲೆ ಕೂತ ಮಸಿ ಸ್ವಲ್ಪ ಓಡಿದರೆ ಉದುರಿ ಇನ್ನೂ ಇಳಿಯಬಹುದು. ಲೂಬ್ರಿಕೇಟರ್ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ: ಮ್ಯಾನಿಫೋಲ್ಡಿನ ಒಂದೇ ಕಡೆ ಹನಿ ಬಿಟ್ಟರೆ ಹತ್ತಿರದ ಸಿಲಿಂಡರಿಗೆ ಜಾಸ್ತಿ, ದೂರದ್ದಕ್ಕೆ ಕಡಿಮೆ.

ಫೀಲರ್_ಗೇಜ್

ನಾನು ಪೂರ್ತಿ ಬೇಡ ಅನ್ನುವುದಿಲ್ಲ, ಆದರೆ ಅದಿದೆ ಅಂತ ಅಳೆಯುವುದು ಬಿಡಬಾರದು. 10,000 ಕಿ.ಮೀ.ಗೆ ಎಂಟೂ ಎಕ್ಸಾಸ್ಟ್ ಮತ್ತೆ ಅಳೆದು ಇವತ್ತಿನ ಅಂಕಿ ಪಕ್ಕದಲ್ಲಿ ಬರೆಯಿರಿ. 0.02–0.03 ಕಡಿಮೆಯಾಗಿದ್ದರೆ ಮುಂದಿನದು 20,000ಕ್ಕೆ. 3ರಲ್ಲಿ ಮಾತ್ರ 0.10 ಹೋಗಿದ್ದರೆ ಆ ಸೀಟು ಕರಗುತ್ತಿದೆ, ಆಗ ಬಕೆಟ್ ಬದಲಿಸುತ್ತಾ ಕೂರಬೇಡಿ, ಹೆಡ್ ಇಳಿಸಿ ಗ್ಯಾಸಿಗೆ ತಕ್ಕ ಗಟ್ಟಿ ಸೀಟ್ ಹಾಕಿಸಿ, ಜೊತೆಗೆ ಆ ವಾಲ್ವ್‌ಗಳನ್ನೂ ಹೊಸದು ಹಾಕಿಸಿ. ಹಳೆ ವಾಲ್ವ್ ಹೊಸ ಸೀಟಿಗೆ ಲ್ಯಾಪ್ ಮಾಡಿ (ಉಜ್ಜಿ) ಕೂರಿಸಿದರೆ ಅಂಚು ತೆಳುವಾಗಿ ಮೊದಲು ಅದೇ ಸುಡುತ್ತದೆ.